ಹೆಬ್ಬೆರಳ ಬುಡದ ಗಂಟು: ಬನಿಯನ್ ಜಾಸ್ತಿಯಾಗದಂತೆ ನೋಡಿಕೊಳ್ಳುವುದು ಹೇಗೆ?

ಕಾಲಿನ ಹೆಬ್ಬೆರಳ ಬುಡದಲ್ಲಿ ಗಂಟು ಎದ್ದವರು ಮೊದಲು ಮಾಡುವ ಕೆಲಸ ಆನ್‌ಲೈನ್‌ನಲ್ಲಿ ಸಿಲಿಕೋನ್ ಸ್ಪೇಸರ್ ತರಿಸುವುದು. ಅದನ್ನು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಅದೇ ಹಳೇ ಶೂ ಒಳಗೆ ಕಾಲು ತೂರಿಸುತ್ತಾರೆ. ನಾಲ್ಕು ದಿನಕ್ಕೆ ನೋವು ಇನ್ನೂ ಜಾಸ್ತಿ. "ದುಡ್ಡು ದಂಡ" ಅಂತ ಸ್ಪೇಸರ್ ಮೂಲೆ ಸೇರುತ್ತದೆ. ನಾನೂ ಹೀಗೇ ಮಾಡಿದ್ದೆ. ಜಾಗವೇ ಇಲ್ಲದ ಶೂ ಒಳಗೆ ಇನ್ನೊಂದು ವಸ್ತು ತುರುಕಿದರೆ ಇನ್ನೇನಾಗುತ್ತದೆ? ಈ ವಿಷಯದಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ವಾಲಿದ ಬೆರಳನ್ನು ನೆಟ್ಟಗೆ ಮಾಡುವ ಎಣ್ಣೆ, ಪಟ್ಟಿ, ವ್ಯಾಯಾಮ ಯಾವುದೂ ಇಲ್ಲ. ಮೂಳೆಯ ದಿಕ್ಕು ಬದಲಾಗುವುದು ಆಪರೇಷನ್‌ನಿಂದ ಮಾತ್ರ. ಮನೆಯಲ್ಲಿ ನಮ್ಮ ಕೈಲಾಗುವುದು ನೋವು ಇಳಿಸುವುದು, ಗಂಟಿನ ಮೇಲೆ ಬೀಳುವ ಒತ್ತಡ ತಗ್ಗಿಸುವುದು. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ.

ಹಂತ 1: ಇದು ಬನಿಯನ್ನೇ ಹೌದಾ ನೋಡಿಕೊಳ್ಳಿ

ಡಾಕ್ಟರು "ಇದು ಬನಿಯನ್" ಎಂದಾಗ ನಮ್ಮ ಮನೆಯವರು ಪಕ್ಕದಲ್ಲೇ ಕೂತು ನಕ್ಕುಬಿಟ್ಟರು. ಅಂಗಿಯೊಳಗೆ ಹಾಕುವುದು ಕಾಲಿಗೆ ಹೇಗೆ ಬಂತು ಅಂತ! ಹೆಸರು ಏನೇ ಇರಲಿ, ಗುರುತು ಹಿಡಿಯುವುದು ಸುಲಭ. ಬರಿಗಾಲಲ್ಲಿ ನೆಲದ ಮೇಲೆ ನಿಂತು ನೋಡಿ. ಕೂತು ನೋಡಿದರೆ ಪೂರ್ತಿ ಗೊತ್ತಾಗುವುದಿಲ್ಲ, ಮೈಭಾರ ಬಿದ್ದಾಗಲೇ ಬೆರಳು ಎಷ್ಟು ವಾಲುತ್ತದೆ ಅಂತ ಕಾಣುವುದು. ಹೆಬ್ಬೆರಳು ಪಕ್ಕದ ಬೆರಳಿನ ಕಡೆ ಒರಗಿದೆಯಾ? ಅದರ ಬುಡ ಪಾದದ ಒಳಬದಿಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ಉಬ್ಬಿದೆಯಾ? ಎರಡೂ ಇದ್ದರೆ ಬಹುತೇಕ ಬನಿಯನ್.

ಅಲ್ಲಿ ಹೊಸ ಮೂಳೆ ಬೆಳೆದಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಖ್ಯವಾಗಿ ಆಗಿರುವುದು ಬೇರೆ. ಹೆಬ್ಬೆರಳ ಹಿಂದಿನ ಉದ್ದ ಮೂಳೆ ಒಂದು ಕಡೆ ಸರಿದಿದೆ, ಬೆರಳ ತುದಿ ಇನ್ನೊಂದು ಕಡೆ ವಾಲಿದೆ. ನಡುವಿನ ಕೀಲು ಮಡಿಸಿದ ಮೊಣಕೈಯಂತೆ ಹೊರಗೆ ಚಾಚಿಕೊಂಡಿದೆ. ಆ ಚಾಚಿದ ಜಾಗಕ್ಕೆ ಶೂ ಉಜ್ಜಿ ಉಜ್ಜಿ ಚರ್ಮದ ಕೆಳಗಿನ ಪುಟ್ಟ ನೀರಿನ ಚೀಲ ಊದಿಕೊಳ್ಳುತ್ತದೆ, ಕೆಂಪಾಗುತ್ತದೆ. ಹರಳೆಣ್ಣೆ ಹಚ್ಚಿ ತಿಕ್ಕಿದರೆ ಗಂಟು ಕರಗಲ್ಲ ಅನ್ನುವುದು ಇದಕ್ಕೇ. ಕರಗುವಂಥದ್ದು ಅಲ್ಲಿ ಏನೂ ಇಲ್ಲ.

ಇದೇ ಜಾಗದಲ್ಲಿ ಬರುವ, ಬನಿಯನ್ ಅಲ್ಲದ ತೊಂದರೆಗಳೂ ಇವೆ.

ರಾತ್ರಿ ಮಲಗುವಾಗ ಚೆನ್ನಾಗಿದ್ದು, ಬೆಳಗಿನ ಜಾವ ಹೆಬ್ಬೆರಳ ಕೀಲು ಬೆಂಕಿ ಬಿದ್ದಂತೆ ನೋಯುತ್ತಿದ್ದರೆ, ಮೇಲೆ ಹೊದಿಕೆ ತಾಕಿದರೂ ತಡೆಯಲಾಗದಿದ್ದರೆ ಅದು ಗೌಟ್ ಇರಬಹುದು. ಯೂರಿಕ್ ಆಸಿಡ್ ಹರಳುಗಳಿಂದ ಬರುವ ಬಾವು ಅದು. ಬನಿಯನ್ ಹಾಗೆ ರಾತ್ರೋರಾತ್ರಿ ಬರುವುದಿಲ್ಲ, ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ.

ಉಬ್ಬು ಪಕ್ಕದಲ್ಲಿರದೆ ಕೀಲಿನ ಮೇಲ್ಭಾಗದಲ್ಲಿದ್ದು, ಹೆಬ್ಬೆರಳು ಮೇಲಕ್ಕೆ ಬಾಗುವುದೇ ಕಷ್ಟವಾಗಿದ್ದರೆ ಅದು ಕೀಲು ಸವೆತ. ಎರಡೂ ಕಾಲು, ಜೊತೆಗೆ ಕೈಬೆರಳ ಗೆಣ್ಣುಗಳೂ ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿಯಾಗಿರುತ್ತವೆ ಅಂದರೆ ರುಮಟಾಯ್ಡ್ ಸಂಧಿವಾತದ ಪರೀಕ್ಷೆ ಮಾಡಿಸಬೇಕು. ಕಿರುಬೆರಳ ಬುಡದಲ್ಲೂ ಇಂಥದ್ದೇ ಗಂಟು ಬರುವುದುಂಟು. ಅದಕ್ಕೂ ಈ ಹಂತಗಳು ಹೆಚ್ಚುಕಮ್ಮಿ ಹೊಂದುತ್ತವೆ.

ಎಲ್ಲಕ್ಕಿಂತ ಅಪಾಯದ ತಪ್ಪು ಇದನ್ನು ಆಣಿ ಅಂದುಕೊಳ್ಳುವುದು. ಮೆಡಿಕಲ್ ಶಾಪ್‌ಗೆ ಹೋಗಿ "ಕಾಲಲ್ಲಿ ಗಂಟಾಗಿದೆ" ಅಂದರೆ ಕೆಲವೊಮ್ಮೆ ಕಾರ್ನ್ ಕ್ಯಾಪ್ ಕೊಟ್ಟು ಕಳಿಸುತ್ತಾರೆ. ಅದರಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರುತ್ತದೆ. ದಪ್ಪಗಟ್ಟಿದ ಚರ್ಮ ಕಿತ್ತು ಬರಲಿ ಅಂತ ಮಾಡಿದ ಪಟ್ಟಿ ಅದು. ಬನಿಯನ್ ಮೇಲಿನ ತೆಳು ಚರ್ಮಕ್ಕೆ ಅಂಟಿಸಿದರೆ ಹುಣ್ಣಾಗುತ್ತದೆ. ಶುಗರ್ ಇರುವವರಲ್ಲಿ ಆ ಹುಣ್ಣು ಬೇಗ ಮಾಯುವುದಿಲ್ಲ. ದಯವಿಟ್ಟು ಬೇಡ.

ಹೈ ಹೀಲ್ಸ್ ಹಾಕಿದ್ದಕ್ಕೇ ಹೀಗಾಯಿತು ಅಂತ ಯಾರಾದರೂ ಬೈದರೆ ಪೂರ್ತಿ ಒಪ್ಪಬೇಡಿ. ಜೀವನವಿಡೀ ಗದ್ದೆಯಲ್ಲಿ ಬರಿಗಾಲಲ್ಲೇ ಓಡಾಡಿದ ನಮ್ಮ ಅಜ್ಜಿಗೂ ಈ ಗಂಟಿತ್ತು. ಪಾದದ ಆಕಾರ ಮನೆತನದಲ್ಲಿ ಹರಿದು ಬರುತ್ತದೆ. ಚಪ್ಪಟೆ ಪಾದ, ಸಡಿಲವಾದ ಕೀಲುಗಳು ಇದಕ್ಕೆ ದಾರಿ ಮಾಡುತ್ತವೆ. ಇಕ್ಕಟ್ಟಾದ ಶೂ ಆ ದಾರಿಯಲ್ಲಿ ಮುಂದಕ್ಕೆ ನೂಕುತ್ತದೆ. ಹೆಂಗಸರಲ್ಲಿ ಹೆಚ್ಚು, ವಯಸ್ಸಾದಂತೆ ಇನ್ನೂ ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ಒಂದು ಲೆಕ್ಕದಂತೆ 18ರಿಂದ 65 ವಯಸ್ಸಿನವರಲ್ಲಿ ಸುಮಾರು ಶೇ 23, ಅದಕ್ಕೂ ಮೇಲ್ಪಟ್ಟವರಲ್ಲಿ ಸುಮಾರು ಶೇ 35 ಮಂದಿಗೆ ಇದು ಇರುತ್ತದೆ.

ಹಂತ 2: ಪಾದದ ಗೆರೆ ಎಳೆದುಕೊಳ್ಳಿ

ಬೇಕಾದ ಸಾಮಾನು: ಹಳೇ ಕ್ಯಾಲೆಂಡರ್ ಹಾಳೆ, ಪೆನ್ಸಿಲ್, ಸ್ಕೇಲ್, ಕತ್ತರಿ, ಫೋನಿನ ಕ್ಯಾಮೆರಾ. ಖರ್ಚು ಸೊನ್ನೆ.

ಈ ಕೆಲಸ ಸಂಜೆ ಮಾಡಿ. ದಿನವಿಡೀ ನಿಂತು ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಆಗಿನ ಅಳತೆಯೇ ನಿಜವಾದ ಅಳತೆ. ಕ್ಯಾಲೆಂಡರ್ ಹಾಳೆಯ ಬಿಳಿ ಬದಿ ಮೇಲೆ ಮಾಡಿ ನೆಲಕ್ಕೆ ಹಾಸಿ. ಎರಡೂ ಕಾಲಿಗೆ ಸಮ ಭಾರ ಹಾಕಿ ನಿಲ್ಲಿ. ಗೆರೆ ಎಳೆಯುವುದನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ, ನೀವೇ ಬಗ್ಗಿದರೆ ಭಾರ ಸರಿದು ಅಳತೆ ತಪ್ಪುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿಯಬೇಕು. ಪಾದದ ಕೆಳಗೆ ಓರೆಯಾಗಿ ತೂರಿಸಿದರೆ ಪಾದ ಇರುವುದಕ್ಕಿಂತ ಸಣ್ಣದಾಗಿ ಬರುತ್ತದೆ. ಎರಡು ಕಾಲಿನದ್ದೂ ಎಳೆಯಿರಿ, ಒಂದು ಸಾಮಾನ್ಯವಾಗಿ ತುಸು ದೊಡ್ಡದಿರುತ್ತದೆ.

ಈಗ ನೀವು ದಿನಾ ಹಾಕುವ ಶೂ ತಂದು ಆ ಗೆರೆಯ ಮೇಲಿಡಿ. ನನ್ನದನ್ನು ಇಟ್ಟಾಗ ಹೆಬ್ಬೆರಳ ಬುಡದ ಹತ್ತಿರ ಪೆನ್ಸಿಲ್ ಗೆರೆ ಶೂ ಅಂಚಿನಿಂದ ಒಂದು ಬೆರಳಷ್ಟು ಆಚೆ ಇತ್ತು. ಅಂದರೆ ಆ ಒಂದು ಬೆರಳಗಲದ ಪಾದವನ್ನು ನಾನು ಆರು ವರ್ಷ ದಿನಾ ಎಂಟು ಗಂಟೆ ಒಳಗೆ ಹಿಸುಕಿ ಇಟ್ಟಿದ್ದೆ. ಯಾವ ಡಾಕ್ಟರ ಮಾತಿಗಿಂತಲೂ ಆ ಹಾಳೆ ನನಗೆ ಜಾಸ್ತಿ ಕಲಿಸಿತು.

ಗೆರೆಯ ಗುಂಟ ಕತ್ತರಿಸಿ ಪಾದದಾಕಾರದ ಹಾಳೆಯನ್ನು ಇಟ್ಟುಕೊಳ್ಳಿ, ಅಂಗಡಿಗೆ ಒಯ್ಯಬೇಕು. ಹಾಗೇ ನಿಂತ ಪಾದದ ಫೋಟೋ ಮೇಲಿನಿಂದ ಒಂದು ತೆಗೆದು ದಿನಾಂಕ ಬರೆದಿಡಿ.

ಹಂತ 3: ಚಪ್ಪಲಿ ಗೂಡು ಖಾಲಿ ಮಾಡಿ

ಮನೆಯಲ್ಲಿರುವ ನಿಮ್ಮ ಪಾದರಕ್ಷೆಯೆಲ್ಲ ಹೊರಗೆ ತಂದು ಸಾಲಾಗಿಡಿ. ಒಳಗಿನ ಮೆತ್ತೆ ತೆಗೆಯಲು ಬರುವಂಥದ್ದಾದರೆ ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಪಕ್ಕಕ್ಕೆ ಚೆಲ್ಲಿದರೆ ಆ ಶೂ ನಿಮ್ಮದಲ್ಲ. ಉಳಿದವಕ್ಕೆ ಹಾಳೆಯ ಪಾದವನ್ನು ಇಟ್ಟು ನೋಡಿ.

ತಕ್ಷಣ ಬಿಡಬೇಕಾದವು: ಮುಂದೆ ಚೂಪಾದವು, ಹಿಮ್ಮಡಿ 5 ಸೆಂ.ಮೀ.ಗಿಂತ ಎತ್ತರದವು, ಗಂಟಿನ ಮೇಲೇ ಹೊಲಿಗೆ ಅಥವಾ ಗಟ್ಟಿ ಪಟ್ಟಿ ಹಾದುಹೋಗುವಂಥವು. ಹಿಮ್ಮಡಿ ಎತ್ತರವಿದ್ದಷ್ಟೂ ಮೈಭಾರ ಮುಂದಕ್ಕೆ ಜಾರಿ ಬೆರಳುಗಳ ಮೇಲೆ ಬೀಳುತ್ತದೆ. ಬೆರಳುಗಳು ಆ ಚೂಪಿನೊಳಗೆ ಆಪಿನಂತೆ ಸಿಕ್ಕಿಕೊಳ್ಳುತ್ತವೆ. ಮದುವೆ ಮುಂಜಿಗೆ ಒಂದೆರಡು ಗಂಟೆ ಹಾಕಲೇಬೇಕೆಂದರೆ ಹಾಕಿ. ಆದರೆ ಚೌಲ್ಟ್ರಿವರೆಗೆ ಬೇರೆ ಚಪ್ಪಲಿಯಲ್ಲಿ ಹೋಗಿ.

ಹವಾಯಿ ಚಪ್ಪಲಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಅಗಲವೇನೋ ಇದೆ. ಆದರೆ ಹಿಂದೆ ಹಿಡಿತವಿಲ್ಲ, ಪ್ರತಿ ಹೆಜ್ಜೆಗೂ ಬೆರಳು ಮುದುರಿ ಅದನ್ನು ಹಿಡಿದುಕೊಳ್ಳಬೇಕು. ಬಚ್ಚಲು, ಹಿತ್ತಲಿಗೆ ಪರವಾಗಿಲ್ಲ. ಸಂತೆ ಸುತ್ತಲು ಬೇಡ. ಉಂಗುಷ್ಠವಿರುವ ಕೊಲ್ಲಾಪುರಿ ಚಪ್ಪಲಿಯಲ್ಲಿ ತೊಂದರೆ ಬೇರೆ: ವಾಲಿದ ಹೆಬ್ಬೆರಳನ್ನು ಆ ಬಿಗಿ ಉಂಗುರದೊಳಗೆ ತೂರಿಸಿದರೆ ಕೀಲಿನ ಮೇಲೆ ಸೆಳೆತ ಬೀಳುತ್ತದೆ. ಅಥಣಿ, ನಿಪ್ಪಾಣಿ ಕಡೆ ಕೈಯಲ್ಲಿ ಮಾಡುವವರ ಹತ್ತಿರ ಹೋದರೆ ನಿಮ್ಮ ಕಾಲಿನ ಅಳತೆಗೇ ಮಾಡಿಸಿಕೊಳ್ಳಬಹುದು.

ಕಾಲುಂಗುರವನ್ನೂ ನೋಡಿ. ಹೆಬ್ಬೆರಳು ಒತ್ತಿ ಒತ್ತಿ ಪಕ್ಕದ ಬೆರಳಲ್ಲಿ ಉಂಗುರ ಕಚ್ಚುತ್ತಿದ್ದರೆ, ಚರ್ಮ ಕಪ್ಪಾಗಿದ್ದರೆ ಸಡಿಲವಾದ, ತೆಳ್ಳಗಿನದಕ್ಕೆ ಬದಲಿಸಿ. ಬೆರಳು ಊದಿದ್ದಾಗ ತೆಗೆದಿಡಿ. ಹಿರಿಯರು ಒಂದು ಮಾತು ಅಂದಾರು, ಅನ್ನಲಿ ಬಿಡಿ.

ಹಂತ 4: ಹೊಸದು ಕೊಳ್ಳುವುದು

ಜನ ಅತಿ ಹೆಚ್ಚು ಎಡವುವುದು ಇಲ್ಲೇ. ನಮ್ಮ ಅಂಗಡಿಗಳಲ್ಲಿ ಸಿಗುವ 5, 6, 7 ನಂಬರುಗಳು ಉದ್ದವನ್ನಷ್ಟೇ ಹೇಳುತ್ತವೆ. ಅಗಲದ ಮಾತೇ ಇಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಸಿತು. ನಮ್ಮ ಪಾದ ಯೂರೋಪಿನವರದ್ದಕ್ಕಿಂತ ಅಗಲ ಅಂತ ಅದರಲ್ಲಿ ಕಂಡುಬಂತು. ನಾವು ಕೊಳ್ಳುವ ನಂಬರು ಮಾತ್ರ ಇನ್ನೂ ಅವರದ್ದೇ.

ಬಿಗಿ ಅನ್ನಿಸಿದಾಗ ಸೇಲ್ಸ್‌ಮ್ಯಾನ್ "ಒಂದು ನಂಬರ್ ದೊಡ್ಡದು ಕೊಡ್ಲಾ ಮೇಡಂ?" ಅನ್ನುತ್ತಾನೆ. ನಾವು ಸರಿ ಅನ್ನುತ್ತೇವೆ. ಆಗ ಹಿಮ್ಮಡಿ ಸಡಿಲ, ಪಾದ ಮುಂದಕ್ಕೆ ಜಾರುತ್ತದೆ, ಬೆರಳುಗಳು ತುದಿಗೆ ಹೋಗಿ ಗುದ್ದುತ್ತವೆ. ಉದ್ದ ಕೊಟ್ಟು ಅಗಲ ಪಡೆಯುವ ಈ ವ್ಯಾಪಾರ ಗಿಟ್ಟುವುದಿಲ್ಲ. ನಿಮ್ಮ ನಂಬರಿನಲ್ಲೇ ಅಗಲವಾದದ್ದು ಕೇಳಿ. ಹೆಂಗಸರಾದರೆ ಗಂಡಸರ ಸಾಲಿನಲ್ಲೂ ನೋಡಿ, ಅಲ್ಲಿ ಮುಂಭಾಗ ಸಾಮಾನ್ಯವಾಗಿ ಅಗಲ ಇರುತ್ತದೆ. ನಾನು ಈಗ ಹಾಕುವುದು ಗಂಡಸರ ವಾಕಿಂಗ್ ಶೂ. ಯಾರೂ ಇವತ್ತಿನವರೆಗೆ ಗಮನಿಸಿಲ್ಲ.

ಅಂಗಡಿಯಲ್ಲಿ ಮಾಡಬೇಕಾದ್ದು ಇಷ್ಟು. ಕತ್ತರಿಸಿದ ಹಾಳೆ ಶೂ ಒಳಗೆ ಮಡಿಕೆ ಬೀಳದೆ ಕೂರಬೇಕು. ಹಾಕಿ ನಿಂತಾಗ ಅತಿ ಉದ್ದದ ಬೆರಳ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿಯಬೇಕು. ಒಳಗೆ ಐದೂ ಬೆರಳು ಆಡಿಸಲು ಬರಬೇಕು. ಹಿಮ್ಮಡಿ ಕಳಚಬಾರದು. ಶೂ ಮಡಚಿದರೆ ಬೆರಳ ಬುಡದಲ್ಲಿ ಮಾತ್ರ ಬಾಗಬೇಕು, ಬಟ್ಟೆಯಂತೆ ನಡುವೆ ಮಡಚಿಕೊಂಡರೆ ಬೇಡ. ಮೇಲ್ಭಾಗ ಮೆತ್ತನೆ ಚರ್ಮ ಅಥವಾ ಜಾಲರಿ ಬಟ್ಟೆಯದಿರಲಿ. ರೆಕ್ಸಿನ್ ಹಿಗ್ಗುವುದಿಲ್ಲ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ" ಅನ್ನುವ ಮಾತು ನಂಬಬೇಡಿ. ಲೂಸ್ ಆಗುವ ಹೊತ್ತಿಗೆ ಪೆಟ್ಟು ತಿಂದಿರುವುದು ನಿಮ್ಮ ಕೀಲು.

ಮನೆಗೆ ತಂದ ಮೇಲೆ ಟೈಲ್ಸ್ ಮೇಲೆ ಒಂದು ಗಂಟೆ ಓಡಾಡಿ, ತೆಗೆದು ಪಾದ ನೋಡಿ. ಗಂಟಿನ ಮೇಲೆ ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ವಾಪಸ್ ಕೊಡಿ. ಬಿಲ್ ಬಿಸಾಕಬೇಡಿ ಅಂತ ಹೇಳಬೇಕಿಲ್ಲ ಅಲ್ವಾ.

ಯೂನಿಫಾರಂ ಶೂ, ಬೂಟು ಕಡ್ಡಾಯ ಇರುವವರಿಗೆ ಎರಡು ಉಪಾಯ. ಲೇಸ್ ಬಿಚ್ಚಿ, ಗಂಟಿರುವ ಬದಿಯ ಕೆಳಗಿನ ಒಂದೆರಡು ತೂತು ಬಿಟ್ಟು ಮತ್ತೆ ಕಟ್ಟಿ. ಅಲ್ಲಿನ ಬಿಗಿತ ಇಳಿಯುತ್ತದೆ. ಇನ್ನೊಂದು, ಚರ್ಮದ ಶೂ ಆದರೆ ಚಮ್ಮಾರರ ಹತ್ತಿರ ಒಯ್ದು ಅಚ್ಚಿಗೆ ಹಾಕಿಸಿ. ಒಯ್ಯುವ ಮೊದಲು ಗಂಟು ಎಲ್ಲಿ ಒತ್ತುತ್ತದೋ ಅಲ್ಲಿ ಚಾಕ್‌ನಲ್ಲಿ ಗುರುತು ಮಾಡಿ. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದವರು ಆ ಗುರುತಿನ ಒಳಗೆ ಮರದ ತುಂಡಿಟ್ಟು ಎರಡು ರಾತ್ರಿ ಬಿಟ್ಟರು. "ಅಗಲ ಬರುತ್ತೆ ಅಕ್ಕ, ಉದ್ದ ಮಾತ್ರ ಕೇಳ್ಬೇಡಿ" ಅಂದರು. ಗಂಟಿನ ಜಾಗದಲ್ಲಿ ಸರಿಯಾಗಿ ಒಂದು ಗುಳಿ ಬಿದ್ದಿತ್ತು.

ಹಂತ 5: ಈಗ ಪ್ಯಾಡ್, ಸ್ಪೇಸರ್

ಜಾಗ ಆದ ಮೇಲೆ ಇವು ಉಪಯೋಗಕ್ಕೆ ಬರುತ್ತವೆ. ಉದ್ದಿನ ವಡೆಯಂತೆ ನಡುವೆ ತೂತಿರುವ ಪ್ಯಾಡ್ ಒಳ್ಳೆಯದು. ಗಂಟು ತೂತಿನೊಳಗೆ ಕೂರಬೇಕು, ಒತ್ತಡ ಸುತ್ತಲಿನ ಪ್ಯಾಡ್ ಮೇಲೆ ಬೀಳಬೇಕು. ಗಂಟಿನ ನೆತ್ತಿಗೇ ದಪ್ಪ ಹತ್ತಿ, ಬ್ಯಾಂಡೇಜ್ ಸುತ್ತುವವರಿದ್ದಾರೆ. ಅದರಿಂದ ಒತ್ತಡ ಹೆಚ್ಚುತ್ತದೆ ಅಷ್ಟೇ.

ಸ್ಪೇಸರ್ ಅನ್ನು ಮನೆಯಲ್ಲಿ ಬರಿಗಾಲಲ್ಲಿ 15 ನಿಮಿಷದಿಂದ ಶುರು ಮಾಡಿ. ಹೆಬ್ಬೆರಳನ್ನು ಸರಿಸುವ ಭರದಲ್ಲಿ ಅದು ಉಳಿದ ಬೆರಳುಗಳನ್ನು ಆಚೆ ನೂಕುತ್ತಿದ್ದರೆ ದಪ್ಪ ಜಾಸ್ತಿ ಅಂತ ಅರ್ಥ, ತೆಳ್ಳಗಿನದು ತನ್ನಿ. ರಾತ್ರಿ ಕಟ್ಟುವ ಸ್ಪ್ಲಿಂಟ್, ಅಂದರೆ ಬೆರಳನ್ನು ನೆಟ್ಟಗೆ ಹಿಡಿದಿಡುವ ಪಟ್ಟಿ, ಕೆಲವರಿಗೆ ಹಿತ ಕೊಡುತ್ತದೆ. ಬಿಚ್ಚಿದ ಮೇಲೆ ಬೆರಳು ಮತ್ತೆ ತನ್ನ ಜಾಗಕ್ಕೇ ಹೋಗುತ್ತದೆ. ಮೊದಲು-ಆಮೇಲೆ ಫೋಟೋ ಹಾಕಿ ಮಾರುವವರನ್ನು ನಂಬಿ ಸಾವಿರಾರು ರೂಪಾಯಿ ಸುರಿಯಬೇಡಿ.

ಚಪ್ಪಟೆ ಪಾದ ಇದ್ದವರಿಗೆ ಕಮಾನಿಗೆ ಆಸರೆ ಕೊಡುವ ಇನ್ಸೋಲ್‌ನಿಂದ ಆರಾಮ ಸಿಗಬಹುದು. ಆದರೆ ಶೂ ಜೊತೆ ಬಂದ ಮೆತ್ತೆ ತೆಗೆದು ಆ ಜಾಗದಲ್ಲಿ ಇದನ್ನು ಹಾಕಿ. ಎರಡನ್ನೂ ಹಾಕಿದರೆ ಮತ್ತೆ ಇಕ್ಕಟ್ಟು.

ಕಾಲಲ್ಲಿ ಜೋಮು ಇರುವ ಶುಗರ್ ರೋಗಿಗಳು ಸ್ಪೇಸರ್, ಪ್ಯಾಡ್ ಯಾವುದನ್ನೂ ಡಾಕ್ಟರನ್ನು ಕೇಳದೆ ಹಾಕಬಾರದು. ಉಜ್ಜಿದ್ದು ಗೊತ್ತೇ ಆಗುವುದಿಲ್ಲ, ಸಂಜೆ ನೋಡಿದರೆ ಗುಳ್ಳೆ ಎದ್ದಿರುತ್ತದೆ.

ಹಂತ 6: ದಿನಕ್ಕೆ ಹತ್ತು ನಿಮಿಷದ ವ್ಯಾಯಾಮ

ಬೆರಳು ನೆಟ್ಟಗಾಗಲಿ ಅಂತಲ್ಲ. ಪಾದದ ಪುಟ್ಟ ಸ್ನಾಯುಗಳು ಬಲವಾಗಲಿ, ಕೀಲು ಬಿಗಿಯದಿರಲಿ ಅಂತ.

ಮೊದಲು ಮೀನಖಂಡ ಎಳೆಯುವುದು. ಗೋಡೆಗೆ ಕೈಕೊಟ್ಟು ಒಂದು ಕಾಲು ಹಿಂದಿಡಿ. ಹಿಂದಿನ ಮಂಡಿ ನೆಟ್ಟಗೆ, ಹಿಮ್ಮಡಿ ನೆಲದಲ್ಲಿ. 30 ಸೆಕೆಂಡಿನಂತೆ ಮೂರು ಸಲ. ಮೀನಖಂಡ ಬಿಗಿಯಿದ್ದರೆ ನಡೆಯುವಾಗ ಭಾರ ಬೇಗ ಪಾದದ ಮುಂಭಾಗಕ್ಕೆ ಬರುತ್ತದೆ.

ಎರಡನೆಯದು ಪಾದ ಗಿಡ್ಡ ಮಾಡುವುದು. ಕುರ್ಚಿಯಲ್ಲಿ ಕೂತು ಪಾದ ನೆಲಕ್ಕಿಡಿ. ಬೆರಳು ಮುದುರದೆ ಹೆಬ್ಬೆರಳ ಬುಡವನ್ನು ಹಿಮ್ಮಡಿ ಕಡೆ ಎಳೆದುಕೊಳ್ಳಿ. ಪಾದದ ಕಮಾನು ಏಳುತ್ತದೆ. 5 ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಮೊದಲ ವಾರ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಬೆರಳು ಮುದುರಿದರೆ ಬೇರೆ ಸ್ನಾಯು ಕೆಲಸ ಮಾಡುತ್ತಿದೆ ಅಂತ ಅರ್ಥ.

ಮೂರನೆಯದು ಬೆರಳು ಬಿಚ್ಚುವುದು. ಹಿಮ್ಮಡಿ, ಬೆರಳ ಬುಡ ನೆಲದಲ್ಲೇ ಇರಲಿ. ಐದೂ ಬೆರಳು ಮೇಲೆತ್ತಿ ಬೀಸಣಿಗೆಯಂತೆ ಹರಡಿ. ಮೊದಲು ಕಿರುಬೆರಳು ಇಳಿಸಿ, ಆಮೇಲೆ ಹೆಬ್ಬೆರಳನ್ನು ಗಂಟಿನ ಕಡೆಗೆ ಒಯ್ಯುತ್ತಾ ಇಳಿಸಿ. ಬಾರದಿದ್ದರೆ ಕೈಯಿಂದ ಸಹಾಯ ಮಾಡಿ, ನಾಚಿಕೆ ಏನಿಲ್ಲ.

ಕೊನೆಗೆ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದು ಮೇಲೆ ಕೆಳಗೆ ಆಡಿಸಿ. ಲಟಕ್ ಅನ್ನಿಸುವುದು, ಬೇರೆಯವರ ಕೈಲಿ ಜೋರಾಗಿ ಎಳೆಸುವುದು ಖಂಡಿತ ಬೇಡ. ವ್ಯಾಯಾಮದ ನೋವು ಮಾರನೇ ದಿನಕ್ಕೂ ಉಳಿದರೆ ಅರ್ಧಕ್ಕೆ ಇಳಿಸಿ.

ಹಂತ 7: ನೋವು ಕೆರಳಿದ ದಿನ

ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ 10-15 ನಿಮಿಷ ಇಡಿ. ಕಾಲು ದಿಂಬಿನ ಮೇಲಿರಲಿ. ಜೋಮು ಇರುವ ಕಾಲಿಗೆ ಐಸೂ ಬೇಡ, ಬಿಸಿನೀರೂ ಬೇಡ. ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು, ಒಡೆದ ಚರ್ಮದ ಮೇಲೆ ಹಚ್ಚಬಾರದು. ನೋವಿನ ಮಾತ್ರೆಗಳನ್ನು ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಬಿಪಿ ಇರುವವರು ಮತ್ತು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ತಾವೇ ನುಂಗಬಾರದು.

ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳಿವು: ಗಂಟು ಬಿಸಿಯಾಗಿ ಕೆಂಪು ಹರಡುತ್ತಿದೆ, ಜ್ವರ ಬಂದಿದೆ, ಚರ್ಮ ಒಡೆದು ಕೀವು ಬಂದಿದೆ. ಶುಗರ್ ಇರುವವರಿಗೆ ಒಂದು ಸಣ್ಣ ಗಾಯವಾದರೂ ಸಾಕು, ಅದೇ ದಿನ ತೋರಿಸಿ.

ಹಂತ 8: ಮೂರು ತಿಂಗಳಿಗೊಮ್ಮೆ ಲೆಕ್ಕ

ಮತ್ತೆ ಅದೇ ಥರ ನಿಂತು ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ. ಹೆಬ್ಬೆರಳು ಪಕ್ಕದ ಬೆರಳ ಕೆಳಗೆ ನುಸುಳುತ್ತಿದೆಯಾ? ಎರಡನೇ ಬೆರಳು ಸುತ್ತಿಗೆಯಂತೆ ಮೇಲಕ್ಕೆ ಬಾಗಿದೆಯಾ? ಅಂಗಾಲಿನಲ್ಲಿ ಆ ಬೆರಳ ಬುಡದ ಕೆಳಗೆ ಚರ್ಮ ದಡ್ಡುಗಟ್ಟಿ, ಕಲ್ಲಿನ ಮೇಲೆ ಕಾಲಿಟ್ಟಂತೆ ನೋಯುತ್ತಿದೆಯಾ? ಹೆಬ್ಬೆರಳು ಹೊರಬೇಕಾದ ಭಾರ ಪಕ್ಕದ್ದರ ಮೇಲೆ ಬೀಳುತ್ತಿದೆ ಅಂತ ಅದರರ್ಥ. ಇವುಗಳಲ್ಲಿ ಒಂದು ಕಂಡರೂ, ಅಥವಾ ಅಗಲ ಶೂ ಹಾಕಿಯೂ ದಿನದ ಓಡಾಟಕ್ಕೆ ಅಡ್ಡಿಯಾಗುತ್ತಿದ್ದರೂ ಮೂಳೆ ಡಾಕ್ಟರನ್ನು ನೋಡಿ. ಮಕ್ಕಳಲ್ಲಿ ಕಂಡರೆ ಮೂರು ತಿಂಗಳು ಕಾಯುವುದೂ ಬೇಡ.

ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಬೇಕು. ಮಲಗಿಸಿ ತೆಗೆದರೆ ಬೆರಳು ವಾಲಿದ ಕೋನ ಕಡಿಮೆ ತೋರಿಸುತ್ತದೆ. ಹೆಬ್ಬೆರಳ ಕೋನ 15 ಡಿಗ್ರಿವರೆಗೆ ಸಾಮಾನ್ಯ, 40 ದಾಟಿದರೆ ತೀವ್ರ. ಆದರೆ ಕೋನ ಹೆಚ್ಚಿದೆ ಅಂತ ಮಾತ್ರಕ್ಕೆ ಆಪರೇಷನ್ ಬೇಕಿಲ್ಲ. ನೋವಿಲ್ಲದೆ, ಬರೀ ಕಾಲು ಚೆಂದ ಕಾಣಲಿ ಅಂತ ಮಾಡಿಸುವುದನ್ನು ಒಳ್ಳೆಯ ಡಾಕ್ಟರು ಒಪ್ಪುವುದೂ ಇಲ್ಲ.

ಮಾಡಿಸುವುದಾದರೆ ಮೊದಲೇ ಕೇಳಿಕೊಳ್ಳಿ: ಎಷ್ಟು ದಿನ ಕಾಲೂರಬಾರದು, ಬಲಗಾಲಾದರೆ ಗಾಡಿ ಯಾವಾಗ ಓಡಿಸಬಹುದು, ಗಂಟು ಮತ್ತೆ ಬರುವ ಸಾಧ್ಯತೆ ಎಷ್ಟು. ಸಾಮಾನ್ಯವಾಗಿ ಮೂಳೆ ಕತ್ತರಿಸಿ ಸರಿಸಿ ಸ್ಕ್ರೂ ಹಾಕುತ್ತಾರೆ. ಕೂಡಿಕೊಳ್ಳಲು ಆರು ವಾರವಾದರೂ ಬೇಕು, ಊತ ಇಳಿಯಲು ತಿಂಗಳುಗಳೇ. ನಮ್ಮ ಚಿಕ್ಕಮ್ಮ ಮಗಳ ಮದುವೆಗೆ ಎರಡು ತಿಂಗಳಿದೆ, ಅಷ್ಟರಲ್ಲಿ ಸರಿಹೋಗುತ್ತೆ ಅಂತ ಮಾಡಿಸಿಕೊಂಡರು. ಧಾರೆಯ ದಿನ ರೇಷ್ಮೆ ಸೀರೆಯ ಕೆಳಗೆ ಅವರ ಕಾಲಲ್ಲಿದ್ದದ್ದು ಚಿಕ್ಕಪ್ಪನ ಪಟ್ಟಿ ಚಪ್ಪಲಿ.